ಧಂದೆ ಮುಳುಗಿದ್ರೂ ಮನೆ ಮುಳುಗ್ಬಾರ್ದು: ಮುಂಬೈಯಲ್ಲಿ ಎಲ್‌ಎಲ್‌ಪಿ ಮಾಡ್ಲಿಕ್ಕೆ ಸಮಗ್ರ ಮಾರ್ಗದರ್ಶಿ

ಮರೋಲಲ್ಲಿ ನಾನೂ ಇನ್ನೊಬ್ರೂ ಸೇರಿ ಒಂದು ಆಫೀಸಿನ ಕ್ಯಾಂಟೀನ್ ಹಿಡ್ಕೊಂಡಿದ್ದೆವು. ಬೆಳಿಗ್ಗೆ ಇಡ್ಲಿ ವಡೆ, ಮಧ್ಯಾಹ್ನ ಮುನ್ನೂರು ಊಟ, ಸಂಜೆ ಚಹಾ. ಸ್ಟಾಂಪ್ ಪೇಪರಲ್ಲಿ ಒಂದು ಪಾರ್ಟ್ನರ್‌ಶಿಪ್ ಡೀಡ್, ಇಬ್ಬರದ್ದೂ ಅರ್ಧರ್ಧ, ಅಷ್ಟೇ ನಮ್ಮ ಕಾನೂನು. ಆ ಆಫೀಸಿನವ್ರು ಐದು ತಿಂಗಳು ಬಿಲ್ ಪಾಸ್ ಮಾಡ್ಲಿಲ್ಲ, ಆಮೇಲೆ ಕಾಂಟ್ರಾಕ್ಟೇ ಕ್ಯಾನ್ಸಲ್. ತರಕಾರಿಯವ, ಹಾಲಿನವ, ಗ್ಯಾಸಿನವ ಎಲ್ಲ ಸೇರಿ 11 ಲಕ್ಷ ಬಾಕಿ. ಪಾರ್ಟ್ನರ್ ಊರಿಗೆ ಹೋದವ ಫೋನೇ ಎತ್ಲಿಲ್ಲ. ವಕೀಲರ ನೋಟಿಸ್ ಡೊಂಬಿವ್ಲಿಯ ನನ್ನ ಮನೆಗೆ ಬಂತು, ಅದ್ರಲ್ಲಿ ಐದೂವರೆ ಲಕ್ಷ ಅಂತ ಇರ್ಲಿಲ್ಲ ಮಾರಾಯ್ರೇ, ಪೂರ್ತಿ 11 ಲಕ್ಷ ಅಂತ ಇತ್ತು.

"ನಂದು ಅರ್ಧ ಮಾತ್ರ ಅಲ್ವಾ" ಅಂತ ಕೇಳಿದ್ದಕ್ಕೆ ನಮ್ಮ ವಕೀಲರು 1932ರ ಪಾರ್ಟ್ನರ್‌ಶಿಪ್ ಕಾಯ್ದೆಯ 25ನೇ ಸೆಕ್ಷನ್ ತೋರಿಸಿದ್ರು. ಫರ್ಮಿನ ಸಾಲಕ್ಕೆ ಪ್ರತಿ ಪಾರ್ಟ್ನರೂ ಜಂಟಿಯಾಗಿಯೂ ಹೊಣೆ, ಒಬ್ಬೊಬ್ಬನಾಗಿಯೂ ಹೊಣೆ. ಅಂದ್ರೆ ಸಾಲ ಕೊಟ್ಟವ ಯಾರು ಕೈಗೆ ಸಿಗ್ತಾನೋ ಅವನ ಹತ್ರ ಪೂರ್ತಿ ವಸೂಲಿ ಮಾಡ್ಬಹುದು, ಆಮೇಲೆ ನಾವು ನಾವೇ ಲೆಕ್ಕ ಮಾಡ್ಕೊಳ್ಬೇಕು. ಹೆಂಡತಿಯ ಕರಿಮಣಿ ಬಿಟ್ಟು ಉಳಿದ ಚಿನ್ನ ಎಲ್ಲ ಅದಕ್ಕೆ ಹೋಯ್ತು. ಈಗ ಕೇಟರಿಂಗ್ ಮಾಡ್ತಿದ್ದೇನೆ, ಈ ಸಲ ಎಲ್‌ಎಲ್‌ಪಿಯಲ್ಲಿ, ಅಂದ್ರೆ ಲಿಮಿಟೆಡ್ ಲಯಬಿಲಿಟಿ ಪಾರ್ಟ್ನರ್‌ಶಿಪ್, ಧಂದೆಯ ಸಾಲ ಸಾಮಾನ್ಯವಾಗಿ ಪಾರ್ಟ್ನರಿನ ಮನೆ ತನಕ ಬರೋದಿಲ್ಲ. ನಮ್ಮ ಕನ್ನಡದವ್ರು ಮಾಟುಂಗಾದಿಂದ ವಸಯಿ ತನಕ ಹೋಟೆಲು, ಕ್ಯಾಂಟೀನು, ಟ್ರಾನ್ಸ್‌ಪೋರ್ಟು ಅಂತ ಎಷ್ಟೋ ಧಂದೆ ಮಾಡ್ತಾರೆ, ತುಂಬಾ ಜನ ಈಗ್ಲೂ ಸ್ವಂತ ಹೆಸ್ರಲ್ಲೇ ನಡೆಸ್ತಾರೆ, ಅವರಿಗೋಸ್ಕರ ಇದು.

ಮೊದ್ಲು ಯಾವುದು ಬೇಕು ಅಂತ ನೋಡಿ

ಸ್ವಂತ ಹೆಸ್ರಲ್ಲಿ ಅಂದ್ರೆ ಪ್ರೊಪ್ರೈಟರ್‌ಶಿಪ್ಪಲ್ಲಿ ನೀವೂ ಧಂದೆಯೂ ಒಂದೇ. ಧಂದೆಯ ಸಾಲ ನಿಮ್ಮ ಸಾಲ, ನಿಮ್ಮ ಫ್ಲ್ಯಾಟು, ಊರಿನ ಜಾಗ, ಎಫ್‌ಡಿ ಎಲ್ಲದರ ಮೇಲೂ ಕೋರ್ಟು ಕೈ ಹಾಕ್ಬಹುದು. ಸಾದಾ ಪಾರ್ಟ್ನರ್‌ಶಿಪ್ ಇನ್ನೂ ಕಷ್ಟ, ಅಲ್ಲಿ ಬೇರೆಯವನ ತಪ್ಪಿಗೂ ನೀವೇ. ಇದರಿಂದ ಹೊರಗೆ ಬರ್ಲಿಕ್ಕೆ ಮೂರು ದಾರಿ ಉಂಟು.

ಒಬ್ಬರೇ ಇದ್ರೆ ಓಪಿಸಿ, ಅಂದ್ರೆ ವನ್ ಪರ್ಸನ್ ಕಂಪನಿ. ಒಬ್ಬ ನಾಮಿನಿ ಬೇಕು, ಸಾಮಾನ್ಯ ಹೆಂಡತಿಯನ್ನೋ ಗಂಡನನ್ನೋ ಹಾಕ್ತಾರೆ. ಹೊರಗಿನವ್ರಿಂದ ಬಂಡವಾಳ ತರುವ ಯೋಚನೆ ಇದ್ರೆ ಪ್ರೈವೇಟ್ ಲಿಮಿಟೆಡ್. ಈ ಎರಡೂ 2013ರ ಕಂಪನಿ ಕಾಯ್ದೆಯಡಿ ಬರ್ತವೆ, ಒಂದು ರೂಪಾಯಿ ವ್ಯಾಪಾರ ಆಗದಿದ್ರೂ ಪ್ರತಿ ವರ್ಷ ಆಡಿಟ್ ಮಾಡಿಸ್ಲೇಬೇಕು. ಮೂರನೇದು ಎಲ್‌ಎಲ್‌ಪಿ, 2008ರ ಕಾಯ್ದೆ, 2009ರ ಮಾರ್ಚ್ 31ರಿಂದ ಜಾರಿ. ಕಮ್ಮಿ ಅಂದ್ರೆ ಇಬ್ಬರು ಬೇಕು. ಟರ್ನೋವರ್ 40 ಲಕ್ಷ ದಾಟದಿದ್ರೆ, ಬಂಡವಾಳ 25 ಲಕ್ಷ ದಾಟದಿದ್ರೆ ಎಲ್‌ಎಲ್‌ಪಿ ಕಾಯ್ದೆಯಡಿ ಆಡಿಟ್ ಬೇಡ. ಗಂಡ ಹೆಂಡತಿ, ಅಣ್ಣ ತಮ್ಮ, ಇಬ್ಬರು ದೋಸ್ತಿಗಳು ಮಾಡುವ ಧಂದೆಗೆ ನನ್ನ ಪ್ರಕಾರ ಇದೇ ಸರಿ.

ಆದ್ರೆ ಟ್ಯಾಕ್ಸ್ ವಿಷಯ ಮುಚ್ಚಿಡ್ಬಾರ್ದು. ಎಲ್‌ಎಲ್‌ಪಿಗೆ ಸ್ಲ್ಯಾಬ್ ಅಂತ ಇಲ್ಲ, ಮೊದಲನೇ ರೂಪಾಯಿಯಿಂದ್ಲೇ 30 ಪರ್ಸೆಂಟ್, ಮೇಲಿಂದ ಸೆಸ್. ಸಣ್ಣ ವ್ಯಾಪಾರಿಗಳು ಟರ್ನೋವರಿನ ಇಷ್ಟು ಪರ್ಸೆಂಟ್ ಲಾಭ ಅಂತ ತೋರಿಸಿ ಮುಗಿಸ್ತಾರಲ್ಲ, ಆ ಪ್ರಿಸಂಪ್ಟಿವ್ ಸ್ಕೀಮ್ ಎಲ್‌ಎಲ್‌ಪಿಗೆ ಸಿಗೋದಿಲ್ಲ. ಬದಲಿಗೆ ಪಾರ್ಟ್ನರ್‌ಗಳಿಗೆ ಸಂಬಳ, ಬಂಡವಾಳಕ್ಕೆ 12 ಪರ್ಸೆಂಟ್ ತನಕ ಬಡ್ಡಿ ಕೊಟ್ಟು ಅದನ್ನು ಖರ್ಚಿಗೆ ಹಾಕ್ಬಹುದು, ಉಳಿದ ಲಾಭದ ಪಾಲು ಪಾರ್ಟ್ನರ್ ಕೈಯಲ್ಲಿ ಮತ್ತೆ ಟ್ಯಾಕ್ಸ್ ಆಗೋದಿಲ್ಲ. 2025ರ ಏಪ್ರಿಲ್‌ನಿಂದ ಆ ಸಂಬಳ, ಬಡ್ಡಿ ಎಲ್ಲ ಸೇರಿ ವರ್ಷಕ್ಕೆ 20 ಸಾವಿರ ದಾಟಿದ್ರೆ 10 ಪರ್ಸೆಂಟ್ ಟಿಡಿಎಸ್ ಕಟ್ ಮಾಡ್ಬೇಕು, ಇದು ಸುಮಾರು ಜನರಿಗೆ ಗೊತ್ತೇ ಇಲ್ಲ.

ವರ್ಷಕ್ಕೆ ನಾಲ್ಕೈದು ಲಕ್ಷ ಲಾಭ, ಸಾಲ ಇಲ್ಲ, ಉದ್ರಿ ಇಲ್ಲ, ಒಬ್ಬರೇ ಮನೆಯಿಂದ ಉಪ್ಪಿನಕಾಯಿ ಮಾಡಿ ಮಾರೋದು ಅಂತಾದ್ರೆ ಸದ್ಯಕ್ಕೆ ಇದ್ಯಾವುದೂ ಬೇಡ, ಒಂದು ಒಳ್ಳೆ ಇನ್ಶೂರೆನ್ಸ್ ಮಾಡ್ಕೊಳ್ಳಿ ಸಾಕು.

ಹೆಜ್ಜೆ 1: ಕಾಗದಪತ್ರದಲ್ಲಿ ನಿಮ್ಮ ಹೆಸರು ಸರಿ ಮಾಡ್ಕೊಳ್ಳಿ

ನಗ್ಬೇಡಿ, ನಮ್ಮವರಿಗೆ ಎಲ್ಲಕ್ಕಿಂತ ಹೆಚ್ಚು ಟೈಮ್ ಹೋಗೋದು ಇಲ್ಲೇ. ಊರಿನ ಶಾಲೆಯ ಸರ್ಟಿಫಿಕೇಟಲ್ಲಿ "ಕೆ. ಸುಧಾಕರ", ಇಲ್ಲಿಯ ರೇಷನ್ ಕಾರ್ಡಲ್ಲಿ ಮಹಾರಾಷ್ಟ್ರದ ಪದ್ಧತಿಯಲ್ಲಿ ಮೊದ್ಲು ಅಡ್ಡಹೆಸರು, ಕೊನೆಗೆ ಅಪ್ಪನ ಹೆಸರು, ಪ್ಯಾನಲ್ಲಿ ಇನಿಶಿಯಲ್ ಬಿಡಿಸಿ ಬರ್ದದ್ದು, ಆಧಾರಲ್ಲಿ ಮತ್ತೊಂದು. ಡಿಜಿಟಲ್ ಸಿಗ್ನೇಚರ್ ಪ್ಯಾನಿನ ಹೆಸ್ರಲ್ಲಿ ಬರ್ತದೆ, ಫಾರ್ಮಲ್ಲಿ ಹಾಕುವ ಹೆಸರು ಅದಕ್ಕೆ ತಾಳೆ ಆಗದಿದ್ರೆ ಫಾರ್ಮ್ ವಾಪಸ್. ನನ್ನ ಪಾರ್ಟ್ನರಿನ ಆಧಾರಲ್ಲಿ ಅಪ್ಪನ ಹೆಸ್ರಿನ ಒಂದು ಅಕ್ಷರ ಹೆಚ್ಚಿತ್ತು, ಆ ಒಂದು ಅಕ್ಷರಕ್ಕೆ ಹದಿನೆಂಟು ದಿನ ಕಾಯ್ಬೇಕಾಯ್ತು. ಮೊದ್ಲೇ ಪ್ಯಾನು, ಆಧಾರು, ಬ್ಯಾಂಕ್ ಪಾಸ್‌ಬುಕ್ಕು ಮೂರನ್ನೂ ಮೇಜಿನ ಮೇಲೆ ಇಟ್ಟು ಅಕ್ಷರ ಅಕ್ಷರ ನೋಡಿ.

ಹೆಜ್ಜೆ 2: ಡಿಜಿಟಲ್ ಸಿಗ್ನೇಚರ್

ಕ್ಲಾಸ್ 3 ಡಿಎಸ್‌ಸಿ, ಇಬ್ಬರಿಗೂ ಬೇರೆ ಬೇರೆ. ಪೆನ್‌ಡ್ರೈವ್ ತರದ ಟೋಕನಲ್ಲಿ ಬರ್ತದೆ, ಮೊಬೈಲಲ್ಲಿ ವೀಡಿಯೋ ಮಾಡಿ ವೆರಿಫೈ ಮಾಡ್ತಾರೆ, ಒಂದೆರಡು ದಿನದ ಕೆಲಸ. ಆದ್ರೆ ಆ ಟೋಕನ್ ಸಿಎ ಆಫೀಸಿನ ಡ್ರಾಯರಲ್ಲಿ ಬಿಟ್ಟು ಬರ್ಬೇಡಿ. ಅದು ನಿಮ್ಮ ಸಹಿ, ಅದರಿಂದ ಹೋದ ಪ್ರತಿ ಫಾರ್ಮಿಗೂ ನೀವೇ ಜವಾಬ್ದಾರಿ.

ಹೆಜ್ಜೆ 3: ಧಂದೆಗೆ ಹೆಸರು

ಎಂಸಿಎ, ಅಂದ್ರೆ ಕೇಂದ್ರದ ಕಂಪನಿ ವ್ಯವಹಾರ ಸಚಿವಾಲಯದ ಪೋರ್ಟಲಲ್ಲಿ ರನ್-ಎಲ್‌ಎಲ್‌ಪಿ ಅಂತ ಹೆಸರು ಕೇಳುವ ಫಾರ್ಮ್ ಉಂಟು, ಫೀಸು 200 ರೂಪಾಯಿ, ಎರಡು ಹೆಸರು ಕೊಡ್ಲಿಕ್ಕೆ ಆಗ್ತದೆ. ಸಿಕ್ಕಿದ್ರೆ ಮೂರು ತಿಂಗಳು ಆ ಹೆಸರು ನಿಮಗೇ ರಿಸರ್ವ್. ಉಡುಪಿ, ಶ್ರೀಕೃಷ್ಣ, ದುರ್ಗಾ ಇಂಥ ಹೆಸರಿನವು ಈಗಾಗ್ಲೇ ಸುಮಾರು ಉಂಟು, ಹಾಗಾಗಿ ಏನಾದ್ರೂ ವಿಚಿತ್ರ ಶಬ್ದ ಸೇರಿಸಿ. ಟ್ರೇಡ್‌ಮಾರ್ಕ್ ಸೈಟಲ್ಲೂ ಹುಡ್ಕಿ ನೋಡಿ, ನಾಳೆ ಬೋರ್ಡು ಇಳಿಸುವ ಹಾಗೆ ಆಗ್ಬಾರ್ದು.

ಹೆಜ್ಜೆ 4: ಆಫೀಸಿನ ವಿಳಾಸ

ರಿಜಿಸ್ಟರ್ಡ್ ಆಫೀಸಿಗೆ ಮನೆಯ ವಿಳಾಸ ಕೊಡ್ಲಿಕ್ಕೆ ಕಾನೂನು ಬೇಡ ಅನ್ನೋದಿಲ್ಲ. ಬೇಕಾದ್ದು ಎರಡು ತಿಂಗಳಿಗಿಂತ ಹಳತಾಗದ ಲೈಟ್ ಬಿಲ್ಲು, ಓನರಿನ ಎನ್‌ಒಸಿ, ಬಾಡಿಗೆ ಜಾಗ ಆದ್ರೆ ಲೀವ್ ಆಂಡ್ ಲೈಸೆನ್ಸ್ ಎಗ್ರಿಮೆಂಟು. ಆ ಎಗ್ರಿಮೆಂಟ್ ಮಹಾರಾಷ್ಟ್ರದಲ್ಲಿ ರಿಜಿಸ್ಟರ್ ಆಗ್ಲೇಬೇಕು, ಹನ್ನೊಂದು ತಿಂಗಳಿಗೆ ಮಾಡಿದ್ರೆ ಬೇಡ ಅನ್ನುವ ಊರಿನ ಲೆಕ್ಕ ಇಲ್ಲಿ ನಡಿಯೋದಿಲ್ಲ, 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಸೆಕ್ಷನ್ ಅದು. ಪಗಡಿ ಜಾಗ (ಹಿಂದೆ ದೊಡ್ಡ ಮೊತ್ತ ಕೊಟ್ಟು ಕಮ್ಮಿ ಬಾಡಿಗೆಗೆ ಹಿಡಿದ ಹಳೇ ಜಾಗ), ಚಾಳಿನ ರೂಮು ಆದ್ರೆ ಲೈಟ್ ಬಿಲ್ ಇನ್ನೂ ತೀರಿಹೋದ ಅಜ್ಜನ ಹೆಸ್ರಲ್ಲಿ ಇರ್ತದೆ, ಅಲ್ಲೇ ಸಿಕ್ಕಿಹಾಕ್ಕೊಳ್ಳೋದು, ಮೊದ್ಲು ಅದನ್ನು ಬದಲಾಯಿಸಿ. ಸೊಸೈಟಿಯ ಸೆಕ್ರೆಟರಿಗೂ ಒಂದು ಮಾತು ಹೇಳಿ, ಇಲ್ಲದಿದ್ರೆ ಬಾಗಿಲಿಗೆ ಬೋರ್ಡು ಹಾಕಿದ ದಿನವೇ ಜಗಳ. ಹಾಂ, ಇಲ್ಲಿ 100 ರೂಪಾಯಿ ಸ್ಟಾಂಪ್ ಪೇಪರ್ ಕಾಲ ಮುಗೀತು, 2024ರ ಅಕ್ಟೋಬರ್‌ನಿಂದ ಅಫಿಡವಿಟ್ಟಿನಂಥ ಸಾದಾ ಕೆಲಸಕ್ಕೂ 500ರದ್ದು.

ಹೆಜ್ಜೆ 5: ಫಿಲಿಪ್ ಫಾರ್ಮ್

ಮನುಷ್ಯನ ಹೆಸರಿನ ಹಾಗೆ ಕೇಳಿದ್ರೂ ಎಲ್‌ಎಲ್‌ಪಿ ಹುಟ್ಟಿಸುವ ಫಾರ್ಮ್ ಇದೇ. ಡಿಪಿನ್ (ಡೆಸಿಗ್ನೇಟೆಡ್ ಪಾರ್ಟ್ನರಿನ ಗುರುತಿನ ನಂಬರು), ಎಲ್‌ಎಲ್‌ಪಿಯ ಪ್ಯಾನು, ಟಿಡಿಎಸ್ ಕಟ್ಲಿಕ್ಕೆ ಬೇಕಾದ ಟ್ಯಾನು ಇದರಲ್ಲೇ ಬರ್ತದೆ. ಬಂಡವಾಳ ಒಂದು ಲಕ್ಷದೊಳಗೆ ಇದ್ರೆ ಸರ್ಕಾರಿ ಫೀಸು 500 ರೂಪಾಯಿ, ಮೇಲೆ ಹೋದ ಹಾಗೆ ಜಾಸ್ತಿ. ಇಬ್ಬರು ಡೆಸಿಗ್ನೇಟೆಡ್ ಪಾರ್ಟ್ನರ್, ಅಂದ್ರೆ ಕಾನೂನಿನ ಕೆಲಸಕ್ಕೆ ಜವಾಬ್ದಾರಿ ಇರುವವರು ಬೇಕು, ಅದ್ರಲ್ಲಿ ಒಬ್ಬರಾದ್ರೂ ಆ ಹಣಕಾಸು ವರ್ಷದಲ್ಲಿ 120 ದಿನ ಭಾರತದಲ್ಲಿ ಇದ್ದಿರ್ಬೇಕು, ದುಬೈಯಲ್ಲಿರುವ ಭಾವನನ್ನು ಸೇರಿಸುವವರು ಇದನ್ನು ನೆನಪಿಡಿ. ಇದಕ್ಕೆಲ್ಲ ಮರೀನ್ ಡ್ರೈವ್‌ನ ಆರ್‌ಒಸಿ (ಕಂಪನಿ ರಿಜಿಸ್ಟ್ರಾರ್) ಆಫೀಸಿಗೆ ಹೋಗಿ ನಿಲ್ಬೇಕಂತಿಲ್ಲ, ಎಲ್ಲ ಆನ್‌ಲೈನ್.

ಹೆಜ್ಜೆ 6: ಎಗ್ರಿಮೆಂಟ್, ಇದನ್ನು ಕಾಪಿ ಪೇಸ್ಟ್ ಮಾಡ್ಬೇಡಿ

ಸರ್ಟಿಫಿಕೇಟ್ ಬಂದ ಮೇಲೆ 30 ದಿನದೊಳಗೆ ಎಲ್‌ಎಲ್‌ಪಿ ಎಗ್ರಿಮೆಂಟ್ ಮಾಡಿ ಫಾರ್ಮ್ 3 ಹಾಕ್ಬೇಕು. ಏಜೆಂಟರು ಯಾವುದೋ ಗುಜರಾತಿ ಬಟ್ಟೆ ಅಂಗಡಿಯ ಡ್ರಾಫ್ಟಿಗೆ ನಿಮ್ಮ ಹೆಸರು ಹಾಕಿ ಕೊಡ್ತಾರೆ. ನನಗೆ ಬಂದ ಡ್ರಾಫ್ಟಲ್ಲಿ ಕೇಟರಿಂಗ್ ಎಲ್‌ಎಲ್‌ಪಿಯ ಉದ್ದೇಶ ಸೂರತ್ ಸೀರೆ ಹೋಲ್‌ಸೇಲ್ ಅಂತ ಇತ್ತು! ಎಗ್ರಿಮೆಂಟಲ್ಲಿ ಬರೀದೆ ಬಿಟ್ಟ ವಿಷಯಕ್ಕೆ ಕಾಯ್ದೆಯ ಮೊದಲನೇ ಶೆಡ್ಯೂಲ್ ಲಾಗೂ ಆಗ್ತದೆ, ಅದ್ರ ಪ್ರಕಾರ ಎಲ್ಲರಿಗೂ ಸಮಪಾಲು, ಕೆಲಸ ಮಾಡಿದ್ದಕ್ಕೆ ಸಂಬಳ ಯಾರಿಗೂ ಇಲ್ಲ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ದಾದರ್ ಮಾರ್ಕೆಟಿಗೆ ಹೋಗುವವ ನೀವು, ದುಡ್ಡು ಮಾತ್ರ ಹಾಕಿ ಮನೆಯಲ್ಲಿ ಮಲಗುವವ ಅವ, ಇಬ್ಬರಿಗೂ ಒಂದೇ.

ಹಾಗಾಗಿ ಇವಿಷ್ಟು ಬರೆಸ್ಲೇಬೇಕು. ಯಾರು ಎಷ್ಟು ಹಾಕಿದ್ದು, ಯಾರಿಗೆ ಎಷ್ಟು ಸಂಬಳ. ಚೆಕ್ಕಿಗೆ ಒಬ್ಬನ ಸಹಿಯೋ ಇಬ್ಬರದ್ದೋ, ಎಷ್ಟು ರೂಪಾಯಿ ಮೇಲೆ ಇಬ್ಬರದ್ದೂ ಬೇಕು. ಒಬ್ಬ ಸತ್ರೆ, ಊರಿಗೆ ಹೋದ್ರೆ, ಅವನ ಪಾಲಿಗೆ ಬೆಲೆ ಕಟ್ಟೋದು ಹೇಗೆ. ಇನ್ನೊಬ್ಬನ ಲಿಖಿತ ಒಪ್ಪಿಗೆ ಇಲ್ಲದೆ ಯಾರೂ ಎಲ್‌ಎಲ್‌ಪಿ ಹೆಸ್ರಲ್ಲಿ ಸಾಲ ಎತ್ಬಾರ್ದು. ಸ್ಟಾಂಪ್ ಡ್ಯೂಟಿ ಬಂಡವಾಳದ ಮೇಲೆ ಲೆಕ್ಕ, ಕಮ್ಮಿ ಕಟ್ಟಿದ ಎಗ್ರಿಮೆಂಟ್ ಕೋರ್ಟಲ್ಲಿ ದಂಡ ಕಟ್ಟದೆ ನಡಿಯೋದಿಲ್ಲ, ಅಲ್ಲಿ ಕಂಜೂಸಿ ಬೇಡ.

ಹೆಜ್ಜೆ 7: ಹಳೇದೆಲ್ಲ ಹೊಸ ಹೆಸರಿಗೆ

ಬ್ಯಾಂಕಲ್ಲಿ ಎಲ್‌ಎಲ್‌ಪಿ ಹೆಸರಿನ ಕರೆಂಟ್ ಅಕೌಂಟು, ಹೊಸ ಜಿಎಸ್‌ಟಿ ನಂಬರು, ಪ್ರೊಫೆಷನ್ ಟ್ಯಾಕ್ಸು, ಗುಮಾಸ್ತಾ ಲೈಸೆನ್ಸು ಅಂದ್ರೆ ಅಂಗಡಿ ಮುಂಗಟ್ಟಿನ ಲೈಸೆನ್ಸು. ಗುಮಾಸ್ತಾಕ್ಕೆ 2017ರ ಕಾಯ್ದೆ ಪ್ರಕಾರ ಇಪ್ಪತ್ತಕ್ಕಿಂತ ಕಮ್ಮಿ ಕೆಲಸದವ್ರಿದ್ರೆ ಬರೀ ಇಂಟಿಮೇಷನ್ ಸಾಕು, ಇಪ್ಪತ್ತು ಮತ್ತು ಮೇಲಾದ್ರೆ ರಿಜಿಸ್ಟ್ರೇಷನ್, 2025ರ ತಿದ್ದುಪಡಿ ತನಕ ಈ ಮಿತಿ ಹತ್ತು ಇತ್ತು. ಊಟದ ಧಂದೆಗೆ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಕೂಡ ಎಲ್‌ಎಲ್‌ಪಿ ಹೆಸ್ರಲ್ಲೇ ಹೊಸತಾಗಿ ತೆಗೀಬೇಕು. ಹಳೇ ಲೈಸೆನ್ಸು ಇನ್ನೂ ಎರಡು ವರ್ಷ ಉಂಟಲ್ಲ ಅಂತ ಅದನ್ನೇ ಓಡಿಸಿದ್ರೆ ಅನ್ನ ಬಡಿಸಿದ್ದು ಎಲ್‌ಎಲ್‌ಪಿ ಅಲ್ಲ, ನೀವೇ ಅಂತ ಆಗ್ತದೆ.

ಒಂದು ವಿಷಯ ಗಟ್ಟಿಯಾಗಿ ಹೇಳ್ಬೇಕು, ಹಳೇ ಸಾಲ ಇದರಿಂದ ಮಾಯ ಆಗೋದಿಲ್ಲ. ಪಾರ್ಟ್ನರ್‌ಶಿಪ್ಪನ್ನು ಫಾರ್ಮ್ 17 ಹಾಕಿ ಎಲ್‌ಎಲ್‌ಪಿ ಮಾಡ್ಲಿಕ್ಕೆ ಆಗ್ತದೆ, ಆದ್ರೆ ಬದಲಾಗುವ ಮೊದಲಿನ ಬಾಕಿಗೆ ಪಾರ್ಟ್ನರ್‌ಗಳು ವೈಯಕ್ತಿಕವಾಗಿ ಹೊಣೆಯೇ. ಅಷ್ಟೇ ಅಲ್ಲ, ಹನ್ನೆರಡು ತಿಂಗಳು ಪತ್ರಗಳಲ್ಲಿ "ಇದು ಮೊದ್ಲು ಇಂಥ ಫರ್ಮ್ ಆಗಿತ್ತು" ಅಂತ ಬರೀಬೇಕು. ನೋಟಿಸ್ ಬಂದ ಮೇಲೆ ಓಡಿಹೋಗಿ ಫ್ಲ್ಯಾಟನ್ನು ಹೆಂಡತಿಗೆ ಗಿಫ್ಟ್ ಡೀಡ್ ಮಾಡುವವರೂ ಉಂಟು, ಸಾಲ ಕೊಟ್ಟವರಿಗೆ ಕೈ ಎತ್ಲಿಕ್ಕೆ ಮಾಡಿದ ಅಂಥ ವರ್ಗಾವಣೆಯನ್ನು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 53ನೇ ಸೆಕ್ಷನಲ್ಲಿ ರದ್ದು ಮಾಡಿಸ್ಬಹುದು. ಗೋಡೆ ಕಟ್ಟೋದು ಮಳೆ ಬರುವ ಮೊದ್ಲು.

ಹೆಜ್ಜೆ 8: ಗೋಡೆಗೆ ನಾವೇ ತೂತು ಮಾಡೋದು ಎಲ್ಲೆಲ್ಲಿ

ಇಷ್ಟು ಮಾಡಿ ಸರ್ಟಿಫಿಕೇಟಿಗೆ ಫ್ರೇಮ್ ಹಾಕಿ ದೇವರ ಫೋಟೋ ಪಕ್ಕ ತೂಗಿಸ್ತಾರೆ, ಆಮೇಲೆ ತಾವೇ ಕೈಯಾರೆ ಎಲ್ಲ ಹಾಳು ಮಾಡ್ತಾರೆ.

ಎಲ್ಲಕ್ಕಿಂತ ದೊಡ್ಡ ತೂತು ಪರ್ಸನಲ್ ಗ್ಯಾರಂಟಿ. ಎಲ್‌ಎಲ್‌ಪಿಗೆ ಸಾಲ ಕೊಡುವಾಗ ಬ್ಯಾಂಕಿನವ್ರು ಸಹಿ ಮಾಡಿ ಸಹಿ ಮಾಡಿ ಅಂತ ನಲ್ವತ್ತು ಪುಟ ಮುಂದಿಡ್ತಾರೆ, ಅದ್ರ ನಡುವೆ ಒಂದು ಡೀಡ್ ಆಫ್ ಗ್ಯಾರಂಟಿ ಇರ್ತದೆ. ಅದಕ್ಕೆ ಸಹಿ ಬಿದ್ರೆ ಆ ಸಾಲದ ಮಟ್ಟಿಗೆ ನಿಮ್ಮ ಎಲ್‌ಎಲ್‌ಪಿ ಇದ್ದೂ ಇಲ್ಲದ ಹಾಗೆ, ಯಾಕಂದ್ರೆ ಕಾಂಟ್ರಾಕ್ಟ್ ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ ಸಾಲ ತಕ್ಕೊಂಡವನಷ್ಟೇ ಹೊಣೆ ಜಾಮೀನು ನಿಂತವನದ್ದೂ. ಕಂಪನಿ ದಿವಾಳಿ ಆದ್ರೂ ಜಾಮೀನು ನಿಂತ ಮಾಲೀಕರನ್ನು ಬಿಡ್ಬೇಕಂತಿಲ್ಲ ಅಂತ 2021ರ ಮೇಯಲ್ಲಿ ಲಲಿತ್ ಕುಮಾರ್ ಜೈನ್ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿ ಆಗಿದೆ. ಗ್ಯಾರಂಟಿ ಕೊಡೋದೇ ಇಲ್ಲ ಅಂದ್ರೆ ಸಣ್ಣವ್ರಿಗೆ ಸಾಲ ಸಿಗೋದು ಕಷ್ಟ, ಅದು ನಿಜ. ಆದ್ರೂ ಕೇಳಿ: ಮೊತ್ತಕ್ಕೆ ಮಿತಿ ಹಾಕ್ತೀರಾ, ಗ್ಯಾರಂಟಿ ಒಂದೇ ಸಾಲಕ್ಕಾ ಮುಂದೆ ಬರುವ ಎಲ್ಲದಕ್ಕಾ, ಮನೆಪತ್ರ ಇಡದೆ ಸಿಜಿಟಿಎಂಎಸ್‌ಇ ಸ್ಕೀಮಲ್ಲಿ, ಅಂದ್ರೆ ಸಣ್ಣ ಧಂದೆಯ ಸಾಲಕ್ಕೆ ಸರ್ಕಾರಿ ಟ್ರಸ್ಟ್ ಜಾಮೀನು ನಿಲ್ಲುವ ಸ್ಕೀಮಲ್ಲಿ ಆಗ್ತದಾ. ಹೆಂಡತಿಯ ಸಹಿ ಕೇಳಿದ್ರೆ ಇಲ್ಲ ಅನ್ನಿ. ಒಬ್ಬರಾದ್ರೂ ಹೊರಗಿರ್ಲಿ.

ಎರಡನೇದು ಕೌಂಟರಿನ ಕ್ಯೂಆರ್ ಕೋಡು. ಹೋಟೆಲ್ ಎಲ್‌ಎಲ್‌ಪಿಯದ್ದು, ಸ್ಕ್ಯಾನ್ ಮಾಡಿದ್ರೆ ಬರುವ ಹೆಸರು ಮಾಲೀಕರ ಮಗನದ್ದು. ಅದೇ ಅಕೌಂಟಿಂದ ಮಗಳ ಕಾಲೇಜು ಫೀಸು, ಊರಿನ ಕೋಲಕ್ಕೆ ವಂತಿಗೆ, ಗ್ಯಾಸಿನವನ ಪೇಮೆಂಟು. ಹೀಗೆ ಕಲಸಿದ್ರೆ ನಾಳೆ ಎದುರಿನ ವಕೀಲ "ಇದು ಎಲ್‌ಎಲ್‌ಪಿಯೇ ಅಲ್ಲ, ಇವರದ್ದೇ ಮುಖವಾಡ" ಅನ್ಲಿಕ್ಕೆ ನೀವೇ ಸಾಕ್ಷಿ ಕೊಟ್ಟ ಹಾಗೆ. ಇದು ಹೊಸ ಮಾತಲ್ಲ, ಇದೇ ಬಾಂಬೆ ಹೈಕೋರ್ಟಲ್ಲಿ 1920ರ ದಶಕದಲ್ಲೇ ಆದದ್ದು. ಸರ್ ದಿನ್ಶಾ ಮಾನೆಕ್‌ಜಿ ಪೆಟಿಟ್ ಅಂತ ದೊಡ್ಡ ಶ್ರೀಮಂತರು ನಾಲ್ಕು ಪ್ರೈವೇಟ್ ಕಂಪನಿ ಮಾಡಿ ಶೇರಿನ ಆದಾಯ ಅದ್ರಲ್ಲಿ ತೋರಿಸಿ, ಅದೇ ದುಡ್ಡನ್ನು ಸಾಲ ಅಂತ ತಾವೇ ವಾಪಸ್ ತಕ್ಕೊಂಡ್ರು. ಕೋರ್ಟು ಕಂಪನಿ ಅಂದ್ರೆ ಇವ್ರೇ ಅಂತ ಹೇಳಿ ಟ್ಯಾಕ್ಸ್ ಅವರ ತಲೆಗೇ ಹಾಕ್ತು. ದುಡ್ಡು ಬೇಕಾದ್ರೆ ಸಂಬಳ ಅಂತ ತಕ್ಕೊಳ್ಳಿ, ಲಾಭದ ಪಾಲು ಅಂತ ತಕ್ಕೊಳ್ಳಿ, ಆದ್ರೆ ಪುಸ್ತಕದಲ್ಲಿ ಬರ್ದು.

ಮೂರನೇದು ಸಹಿ. ಕೊಟೇಶನ್ನು, ಪರ್ಚೇಸ್ ಆರ್ಡರು, ಚಲನು, ವಾಟ್ಸ್ಆ್ಯಪಲ್ಲಿ ಕಳಿಸುವ ಬಿಲ್ಲು ಕೂಡ, ಎಲ್ಲದರಲ್ಲೂ ಎಲ್‌ಎಲ್‌ಪಿಯ ಪೂರ್ತಿ ಹೆಸರು, ವಿಳಾಸ, ರಿಜಿಸ್ಟ್ರೇಷನ್ ನಂಬರು, ಲಿಮಿಟೆಡ್ ಲಯಬಿಲಿಟಿ ಅನ್ನೋದು ಇರ್ಬೇಕು, ಎಲ್‌ಎಲ್‌ಪಿ ಕಾಯ್ದೆಯ 21ನೇ ಸೆಕ್ಷನ್ ಹಾಗೆ ಹೇಳ್ತದೆ. ನಾನು ಕುರ್ಲಾ ಸ್ಟೇಷನ್ ಹೊರಗೆ ಒಂದು ರಬ್ಬರ್ ಸ್ಟಾಂಪ್ ಮಾಡಿಸಿದೆ, ಮೇಲೆ "ಫಾರ್" ಅಂತ ಎಲ್‌ಎಲ್‌ಪಿ ಹೆಸರು, ನಡುವೆ ಸಹಿಗೆ ಜಾಗ, ಕೆಳಗೆ "ಡೆಸಿಗ್ನೇಟೆಡ್ ಪಾರ್ಟ್ನರ್". ಸ್ಟಾಂಪ್ ಇಲ್ಲದೆ ಸಹಿ ಇಲ್ಲ. ವಾಶಿ ಎಪಿಎಂಸಿಯಲ್ಲಿ ಈರುಳ್ಳಿ ವ್ಯಾಪಾರಿ ನಗ್ತಾನೆ, "ಶೇಟ್, ಹತ್ತು ಗೋಣಿಗೆ ಇಷ್ಟೆಲ್ಲಾ ಯಾಕೆ" ಅಂತ. ನಗ್ಲಿ. ಆ ಚೀಟಿಯಲ್ಲಿ ನನ್ನ ಸ್ವಂತ ಹೆಸರು ಇದ್ರೆ ಬಾಕಿಯೂ ನನ್ನ ಸ್ವಂತದ್ದೇ.

ಇನ್ನು ಗೋಡೆಯೇ ತಡೀದ ಕೆಲವು ಉಂಟು. ನಿಮ್ಮದೇ ತಪ್ಪಿಗೆ, ನಿರ್ಲಕ್ಷ್ಯಕ್ಕೆ ನೀವೇ ಹೊಣೆ, ಆದ್ರೆ ಪಾರ್ಟ್ನರಿನ ತಪ್ಪಿಗೆ ನೀವು ಹೊಣೆ ಅಲ್ಲ. ಹಾಳಾದ ಪನೀರ್ ಅಂತ ಗೊತ್ತಿದ್ದೂ ಮದುವೆ ಊಟಕ್ಕೆ ಹಾಕಿದವ ಎಲ್‌ಎಲ್‌ಪಿ ಹಿಂದೆ ಅಡಗ್ಲಿಕ್ಕೆ ಆಗೋದಿಲ್ಲ, ಆ ತರದ ರಿಸ್ಕಿಗೆ ಪಬ್ಲಿಕ್ ಲಯಬಿಲಿಟಿ ಇನ್ಶೂರೆನ್ಸೇ ಬೇಕು. ಮೋಸ ಮಾಡುವ ಉದ್ದೇಶ ಇದ್ರೆ ಅದೇ ಎಲ್‌ಎಲ್‌ಪಿ ಕಾಯ್ದೆಯ 30ನೇ ಸೆಕ್ಷನಲ್ಲಿ ಹೊಣೆಗೆ ಮಿತಿಯೇ ಇಲ್ಲ. ಚೆಕ್ ಬೌನ್ಸ್ ಆದ್ರೆ ಆಗ ವ್ಯವಹಾರ ನೋಡ್ಕೊಳ್ತಿದ್ದವ್ರ ಮೇಲೂ ಕ್ರಿಮಿನಲ್ ಕೇಸು. ಇನ್‌ಕಮ್ ಟ್ಯಾಕ್ಸ್ ಬಾಕಿ ಎಲ್‌ಎಲ್‌ಪಿಯಿಂದ ವಸೂಲಾಗದಿದ್ರೆ ಪಾರ್ಟ್ನರ್‌ಗಳ ಹತ್ರ ಬರ್ತಾರೆ, ನಮ್ಮ ನಿರ್ಲಕ್ಷ್ಯ ಇರ್ಲಿಲ್ಲ ಅಂತ ನಾವು ತೋರಿಸ್ಬೇಕು. ಜಿಎಸ್‌ಟಿಯಲ್ಲಂತೂ ಎಲ್‌ಎಲ್‌ಪಿಯನ್ನು ಫರ್ಮ್ ಅಂತಲೇ ನೋಡ್ತಾರೆ, ಬಾಕಿಗೆ ಎಲ್ಲ ಪಾರ್ಟ್ನರ್‌ಗಳೂ ಜಂಟಿಯಾಗಿ, ಒಬ್ಬೊಬ್ಬರಾಗಿ ಹೊಣೆ. ಅಂದ್ರೆ ನನ್ನ ಹಳೇ 11 ಲಕ್ಷದ ಕಥೆಯೇ, ತರಕಾರಿಯವನ ಜಾಗದಲ್ಲಿ ಸರ್ಕಾರ. ದುಡ್ಡು ಟೈಟ್ ಇದ್ದ ತಿಂಗಳು ಮೊದ್ಲು ಜಿಎಸ್‌ಟಿ ಕಟ್ಟಿ, ಡೆಕೋರೇಶನಿನವ ಕಾಯ್ತಾನೆ.

ಹೆಜ್ಜೆ 9: ಪ್ರತಿ ವರ್ಷದ ಕೆಲಸ

ವಾರ್ಷಿಕ ರಿಟರ್ನ್ ಅಂದ್ರೆ ಫಾರ್ಮ್ 11 ಮೇ 30ರೊಳಗೆ, ಲೆಕ್ಕಪತ್ರದ ಫಾರ್ಮ್ 8 ಅಕ್ಟೋಬರ್ 30ರೊಳಗೆ, ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಬೇರೆ. ಧಂದೆ ಬಂದ್ ಇದ್ರೂ ಹಾಕ್ಬೇಕು, ತಡ ಆದ ಹಾಗೆ ಲೇಟ್ ಫೀ ಬೆಳೀತಾ ಹೋಗ್ತದೆ. ನನ್ನ ಸಿಎ ಇದಕ್ಕೆಲ್ಲ ವರ್ಷಕ್ಕೆ 18 ಸಾವಿರ ತಕ್ಕೊಳ್ತಾರೆ. ಬೇಡ ಅಂತಾದ್ರೆ ಹಾಗೇ ಬಿಡ್ಬೇಡಿ, ಫಾರ್ಮ್ 24 ಹಾಕಿ ಮುಚ್ಚಿ.

ಹೆಜ್ಜೆ 10: ಎಲ್‌ಎಲ್‌ಪಿ ಹೊರಗಿನದ್ದು

ಫ್ಲ್ಯಾಟನ್ನು ಬಂಡವಾಳ ಅಂತ ಎಲ್‌ಎಲ್‌ಪಿಗೆ ಬರ್ದು ಕೊಡ್ಬೇಡಿ, ಒಳಗೆ ಹೋದದ್ದೆಲ್ಲ ಧಂದೆಗೆ ಸಾಲ ಕೊಟ್ಟವರಿಗೆ ಸಿಗುವಂಥದ್ದು. ಗಂಡಸರು ಲೈಫ್ ಇನ್ಶೂರೆನ್ಸ್ ಮಾಡುವಾಗ 1874ರ ಮ್ಯಾರೀಡ್ ವಿಮೆನ್ಸ್ ಪ್ರಾಪರ್ಟಿ ಕಾಯ್ದೆಯಡಿ ಅಂತ ಫಾರ್ಮಲ್ಲಿ ಟಿಕ್ ಹಾಕಿಸಿ. ಆ ದುಡ್ಡು ಹೆಂಡತಿ ಮಕ್ಕಳ ಟ್ರಸ್ಟ್ ಆಗ್ತದೆ, ನಿಮಗೆ ಸಾಲ ಕೊಟ್ಟವರು ಮುಟ್ಲಿಕ್ಕಿಲ್ಲ. ಪಾಲಿಸಿ ತಕ್ಕೊಳ್ಳುವಾಗ್ಲೇ ಮಾಡ್ಬೇಕು, ಖರ್ಚು ಸೊನ್ನೆ, ಆದ್ರೂ ಏಜೆಂಟರು ಹೇಳೋದಿಲ್ಲ. ಪಿಪಿಎಫ್ ದುಡ್ಡನ್ನೂ ಕೋರ್ಟ್ ಡಿಕ್ರಿಯಲ್ಲಿ ಜಪ್ತಿ ಮಾಡ್ಲಿಕ್ಕೆ ಬರೋದಿಲ್ಲ.

ಹೆಜ್ಜೆ 11: ಬಿಟ್ಟು ಹೋಗುವಾಗ

ಪಾರ್ಟ್ನರ್ ಬಿಟ್ರೆ 30 ದಿನದೊಳಗೆ ಫಾರ್ಮ್ 4 ಹಾಕಿಸಿ. ಆರ್‌ಒಸಿಗೆ ತಿಳಿಸುವ ತನಕ ಹೊರಗಿನವರ ಲೆಕ್ಕದಲ್ಲಿ ಬಿಟ್ಟವ ಇನ್ನೂ ಪಾರ್ಟ್ನರೇ. ಇಬ್ಬರಲ್ಲಿ ಒಬ್ಬ ಹೋಗಿ ಗೊತ್ತಿದ್ದೂ ಒಬ್ಬರೇ ಆರು ತಿಂಗಳು ದಾಟಿ ನಡೆಸಿದ್ರೆ ಆಮೇಲಿನ ಸಾಲಕ್ಕೆ ಆ ಒಬ್ಬರು ವೈಯಕ್ತಿಕ ಹೊಣೆ, ಹಾಗಾಗಿ ಹೆಂಡತಿಯನ್ನೋ ತಮ್ಮನನ್ನೋ ಅದರೊಳಗೆ ಸೇರಿಸಿ. ಜಿಎಸ್‌ಟಿ ಕಮಿಷನರಿಗೆ ಒಂದು ತಿಂಗಳೊಳಗೆ ಬೇರೆ ಪತ್ರ ಕೊಡ್ಬೇಕು, ಕೊಡದಿದ್ರೆ ಪತ್ರ ಮುಟ್ಟುವ ದಿನದ ತನಕದ ಬಾಕಿ ಬಿಟ್ಟುಹೋದವನ ಮೇಲೂ ಬರ್ತದೆ. ಬ್ಯಾಂಕಿಗೆ ಕೊಟ್ಟ ಪರ್ಸನಲ್ ಗ್ಯಾರಂಟಿಗೆ ಸಹಿ ಹಾಕಿದ್ರೆ ರಾಜೀನಾಮೆ ಕೊಟ್ಟ ಮಾತ್ರಕ್ಕೆ ಅದು ಹೋಗೋದಿಲ್ಲ, ಬ್ಯಾಂಕಿಂದ ರಿಲೀಸ್ ಲೆಟರ್ ಲಿಖಿತವಾಗಿ ತಕ್ಕೊಳ್ಳಿ, ಮ್ಯಾನೇಜರ್ ಬಾಯಲ್ಲಿ "ಹೋ ಗಯಾ ಶೇಟ್" ಅಂದ್ರೆ ಸಾಲದು, ಸೀಲ್ ಹಾಕಿದ ಕಾಪಿ ಕೈಗೆ ಬಂದ ಮೇಲೆಯೇ ಬ್ರಾಂಚಿಂದ ಎದ್ದು ಬನ್ನಿ.